ಅಕ್ಕಿ ಚೀಲಗಳ ಕೋಣೆ

ನಿಪ್ಪಾಣಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಮೂಗಿಗೆ ಘಾಟು ಬಡಿಯುತ್ತದೆ. ಹೊಸಬರೆಲ್ಲ ಸೀನುತ್ತಾರೆ, ನೀವೂ ಸೀನಿದಿರಿ. ಎರಡು ಓಣಿ ದಾಟುವುದರೊಳಗೆ ರೂಢಿಯಾಗುತ್ತದೆ, ಬನ್ನಿ. ವಖಾರಗಳ ಬಾಗಿಲು ಆಗಲೇ ತೆರೆದಿವೆ. ಒಳಗೆ ಹೆಂಗಸರು ಮೂಗು ಬಾಯಿ ಮುಚ್ಚಿ ಸೆರಗು ಬಿಗಿದುಕೊಂಡು ತಂಬಾಕಿಗೆ ಜರಡಿ ಹಿಡಿಯುತ್ತಿದ್ದಾರೆ. ಶ್ರಾವಣದ ಸೋಮವಾರ, ಮುಂಜಾನೆ ಒಂಬತ್ತೂವರೆ, ಜಿಟಿಜಿಟಿ ಮಳೆ. ಛತ್ರಿ ಓರೆ ಹಿಡಿದುಕೊಳ್ಳಿ, ಇಲ್ಲಿಯ ಗಾಳಿ ಘಟ್ಟದ ಕಡೆಯಿಂದ ಬೀಸುತ್ತದೆ.

ಇದು ಸರ್ಕಾರಿ ಪ್ರೌಢಶಾಲೆ. ಯಾವುದೆಂದು ಹೇಳುವುದಿಲ್ಲ. ಇಲ್ಲಿ ಬರುವ ಮಕ್ಕಳ ಗುರುತನ್ನೂ ತಿರುವಿಯೇ ಹೇಳುತ್ತೇನೆ. ನಾನು ಕೌನ್ಸೆಲರ್, ನನ್ನ ಕೆಲಸದ ಮೊದಲ ಶರತ್ತು ಅದು.

ನನ್ನ ಕೋಣೆ ಅಂದರೆ ಬಿಸಿಯೂಟದ ದಾಸ್ತಾನು ಕೋಣೆ. ಗೋಡೆಗುಂಟ ಅಕ್ಕಿ ಚೀಲ, ಮೂಲೆಯಲ್ಲಿ ಬೇಳೆ, ಮೇಲೆ ಹಾಲಿನ ಪುಡಿಯ ಪೊಟ್ಟಣಗಳು. ಕಿಟಕಿಯ ಕೆಳಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಎದುರುಬದುರು ಇಟ್ಟಿಲ್ಲ, ಓರೆಯಾಗಿ ಇಟ್ಟಿದ್ದೇನೆ ನೋಡಿ. ಎದುರಿಗೆ ಕೂಡಿಸಿದರೆ ಮಗುವಿಗೆ ವಿಚಾರಣೆ ಅನ್ನಿಸುತ್ತದೆ. ಓರೆಯಾಗಿ ಕೂತರೆ ಇಬ್ಬರೂ ಹೊರಗಿನ ಬೇವಿನ ಗಿಡ ನೋಡುತ್ತ ಮಾತಾಡಬಹುದು, ಮಾತು ಬಾರದಿದ್ದರೆ ಗಿಡವನ್ನಷ್ಟೇ ನೋಡಬಹುದು. ಹೆಡ್‌ಮಾಸ್ತರರು ಒಳ್ಳೆಯವರು. ಬೇರೆ ಕೋಣೆಯೇ ಇಲ್ಲವೆಂದು ಮೊದಲ ದಿನ ಬಹಳ ನೊಂದುಕೊಂಡರು. ನನಗೆ ಈ ಕೋಣೆ ಹಿಡಿಸಿದೆ. ಮಕ್ಕಳು ಇಲ್ಲಿಗೆ ಬಂದರೆ ಯಾರೂ ಹುಬ್ಬು ಏರಿಸುವುದಿಲ್ಲ. ಅಕ್ಕಿ ಅಳೆಯಲು ಬಂದರು ಅಂದುಕೊಳ್ಳುತ್ತಾರೆ.

ಬಾಗಿಲ ಹೊರಗೆ ತೂಗುಹಾಕಿರುವುದು ಚೀಟಿ ಡಬ್ಬಿ. ಬಿಸ್ಕಿಟಿನ ತಗಡಿನ ಡಬ್ಬಿಗೆ ಸೀಳು ಕೊಯ್ದು ಕೀಲಿ ಹಾಕಿದ್ದೇನೆ. ಈ ವಾರ ಹದಿನಾಲ್ಕು ಚೀಟಿ. "ಇಂಗ್ಲಿಷ್ ಓದಿದ್ರ ನಗತಾರ." "ಅವ್ವನ ಕೆಮ್ಮು ಕಮ್ಮಿ ಆಗವಲ್ದು." "ಅಪ್ಪ ರಾತ್ರಿ" ಎಂದು ಶುರುವಾಗಿ ಅಲ್ಲಿಗೇ ನಿಂತ ಒಂದು. ಇನ್ನೊಂದು ಬರೀ ಖಾಲಿ ಕಾಗದ, ನಾಲ್ಕು ಮಡಿಕೆ ಹಾಕಿದ್ದು. ಇದೇ ಮಡಿಕೆಯ ಖಾಲಿ ಚೀಟಿ ಬೀಳುತ್ತಿರುವುದು ಇದು ಮೂರನೇ ವಾರ. ಇದನ್ನು ಬಿಸಾಡುವುದಿಲ್ಲ, ದಿನಾಂಕ ಹಾಕಿ ಇಡುತ್ತೇನೆ. ಯಾರೋ ಡಬ್ಬಿಯ ತನಕ ಬಂದು ಹೋಗುತ್ತಿದ್ದಾರೆ.

ಹದಿನಾಲ್ಕನೆಯದು ಹಸಿರು ಶಾಯಿಯದು: "ನಿಮ್ಮಂಗ ಆಗಬೇಕಂದ್ರ ಏನ್ ಓದಬೇಕ್ರಿ ಟೀಚರ?"

ಅಷ್ಟರಲ್ಲಿ ಬಾಗಿಲು ತಟ್ಟಿದರು. ನೀವು ಸ್ವಲ್ಪ ಹೊರಗೆ ನಿಲ್ಲಬೇಕು. ಹೌದು, ಮಳೆಯಲ್ಲೇ. ಅಲ್ಲಿ ಪಡಸಾಲೆಯ ಕಂಬಕ್ಕೆ ಒರಗಿಕೊಳ್ಳಿ. ಅಡುಗೆ ಮನೆಯ ಕುಕ್ಕರಿನ ಸಿಳ್ಳು, ಎಂಟನೇ ಇಯತ್ತೆಯ ಮರಾಠಿ ಪಾಠ, ಆಚೆ ಕೋಣೆಯ ಕನ್ನಡ ಪಾಠ, ಎರಡೂ ಒಟ್ಟಿಗೆ ಕೇಳುತ್ತವೆ. ಒಳಗಿನ ಮಾತು ಮಾತ್ರ ಕೇಳಬಾರದು.

ನಲವತ್ತು ನಿಮಿಷ ಆಯಿತು, ಬನ್ನಿ. ಆ ಹುಡುಗ ಏನು ಹೇಳಿದ ಎಂದು ಕೇಳಬೇಡಿ. ನಾನು ಅವನಿಗೆ ಏನು ಹೇಳಿದೆ ಎಂಬುದನ್ನು ಹೇಳಬಲ್ಲೆ, ಯಾಕೆಂದರೆ ಅದನ್ನು ಎಲ್ಲ ಮಕ್ಕಳಿಗೂ ಹೇಳುತ್ತೇನೆ: "ನೀ ಹೇಳಿದ್ದು ಈ ಕೋಣಿ ದಾಟಂಗಿಲ್ಲ. ಆದ್ರ ಎರಡ ವಿಷಯ ನಾ ಮುಚ್ಚಿಡಾಕ ಬರಂಗಿಲ್ಲ. ಯಾರರೆ ನಿನಗ ಕೆಟ್ಟದ್ದು ಮಾಡಾಕತ್ತಿದ್ರ, ಇಲ್ಲಂದ್ರ ನೀನ ನಿನ್ನ ಜೀವಕ್ಕ ಏನರೆ ಮಾಡ್ಕೊಳ್ಳೋ ವಿಚಾರ ಇದ್ರ. ಆವಾಗ ನಾ ದೊಡ್ಡವ್ರಿಗೆ ಹೇಳ್ತೇನಿ, ನಿನಗ ಹೇಳಿ ಆಮ್ಯಾಲ ಹೇಳ್ತೇನಿ." ಮೊದಲನೆಯದಕ್ಕೆ 2012ರ ಪೋಕ್ಸೊ ಕಾಯ್ದೆ ಇದೆ. ಗೊತ್ತಿದ್ದೂ ತಿಳಿಸದಿದ್ದರೆ ನನಗೂ ಶಿಕ್ಷೆ. ಆದರೆ ಇದನ್ನು ಮೊದಲೇ ಹೇಳುವುದು ಕಾಯ್ದೆಯ ಅಂಜಿಕೆಯಿಂದಲ್ಲ. ನಂಬಿಸಿ ಮಾತು ತೆಗೆದು ಆಮೇಲೆ ಅದನ್ನು ಬೇರೆಯವರ ಮುಂದೆ ಇಟ್ಟರೆ ಆ ಮಗು ಮತ್ತೆ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ.

ಈ ಸೀಮೆಯ ಮಕ್ಕಳ ಮಾತಿನ ಬಗ್ಗೆ ಒಂದು ಹೇಳಲೇಬೇಕು. ಓದುವಾಗ ನಾನು ಕಲಿತದ್ದು 'ಖಿನ್ನತೆ', 'ಆತಂಕ'. ಮೂರು ವರ್ಷದಲ್ಲಿ ಒಂದು ಮಗುವೂ ಈ ಶಬ್ದ ಆಡಿಲ್ಲ. "ಬ್ಯಾಸರಾಗೈತ್ರಿ" ಅನ್ನುತ್ತಾರೆ. "ಎದ್ಯಾಗ ಧಸಕ್ ಅಂತೈತ್ರಿ," "ತಲಿ ಕಲಕಲ ಅಂತೈತ್ರಿ" ಅನ್ನುತ್ತಾರೆ. ಮನೆಯಲ್ಲಿ ಮರಾಠಿ ಆಡುವ ಹುಡುಗಿ ಅರ್ಧ ತಾಸು ಕನ್ನಡದಲ್ಲೇ ಹೇಳುತ್ತಿದ್ದು, ಅಳು ಬಂದ ಕೂಡಲೇ "ಜೀವ್ ಘುಸ್ಮಟ್ತೋ" ಅನ್ನುತ್ತಾಳೆ. ಉಸಿರುಗಟ್ಟುತ್ತದೆ ಎಂದರೆ ಅರ್ಥ ಬಂತು, ಆದರೆ ಅವಳ ಜೀವ ಅದರೊಳಗೆ ಬರಲಿಲ್ಲ. ಆಗ ನಾನೂ ಮರಾಠಿಗೆ ಹೊರಳುತ್ತೇನೆ. ಗಡಿಯ ಜಗಳ ರಸ್ತೆಯ ಮೇಲಿರಲಿ, ಈ ಎರಡು ಕುರ್ಚಿಗಳಿಗೆ ಎರಡೂ ಭಾಷೆ ಬೇಕು. ಈ ಭಾಗದ ಕೌನ್ಸೆಲರ್‌ಗೆ ಯಾವ ವಿಶ್ವವಿದ್ಯಾಲಯವೂ ಕೇಳದ ಅರ್ಹತೆ ಇದು.

ಹಸಿರು ಶಾಯಿಯವಳು ಊಟದ ಬಿಡುವಿನಲ್ಲಿ ತಾನೇ ಬಂದಳು. ಹತ್ತನೇ ತರಗತಿ. ಅವಳ ಅವ್ವ ಬೀಡಿ ಕಟ್ಟುತ್ತಾಳೆ. ಇವಳು ಕುರ್ಚಿಯ ಮೇಲೆ ಕೂಡಲಿಲ್ಲ, ಅಕ್ಕಿ ಚೀಲದ ಮೇಲೆ ಕೂತಳು. ಈ ಮಾತು ನೀವು ಕೇಳಬಹುದು, ಅವಳೇ "ಇರಲಿ ಬಿಡ್ರಿ" ಅಂದಿದ್ದಾಳೆ.

"ನೀವು ಹೆಂಗ್ ಆದ್ರಿ ಟೀಚರ?"

ಹೇಳಿದೆ. ನನಗೆ ಹತ್ತೊಂಬತ್ತು. ಚಿಕ್ಕೋಡಿಯಲ್ಲಿ ಬಿ.ಎ. ಓದುತ್ತಿದ್ದೆ. ನಮ್ಮ ಕಾಕಾ ಮಾತು ಬಿಟ್ಟು ನಾಲ್ಕು ತಿಂಗಳಾಗಿತ್ತು. ದೇವರು, ತಾಯಿತ, ಮಿರಜಿನ ದವಾಖಾನೆ ಎಲ್ಲ ಮುಗಿದ ಮೇಲೆ ಧಾರವಾಡಕ್ಕೆ ಕರೆದೊಯ್ದರು. ಡಿಮ್ಹಾನ್ಸ್ ಎಂದು ಫಲಕವಿದ್ದರೂ ಊರಲ್ಲಿ ಅದನ್ನು ಹುಚ್ಚರ ದವಾಖಾನೆ ಎಂದೇ ಕರೆಯುತ್ತಿದ್ದರು. ಜೊತೆಗಿರಲು ಯಾರೂ ಒಪ್ಪದೆ ನನ್ನನ್ನು ಕಳಿಸಿದರು. ಮೂರನೇ ದಿನ ಒಬ್ಬ ಹೆಣ್ಣುಮಗಳು ಬಂದು ಕಾಕಾನ ಪಕ್ಕ ಕೂತಳು. ಔಷಧಿಯ ಮಾತಿಲ್ಲ, ರೋಗದ ಮಾತಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಕಾಕಾರ, ನಿಮ್ಮ ಎತ್ತಿನ ಹೆಸರ ಏನ್ರಿ?" ಎಂದು ಕೇಳಿದಳು. ಉತ್ತರ ಬರಲಿಲ್ಲ. ಅವಳು ಎರಡನೇ ಪ್ರಶ್ನೆ ಹಾಕಲೂ ಇಲ್ಲ, ಎದ್ದು ಹೋಗಲೂ ಇಲ್ಲ. ಎಷ್ಟೋ ಹೊತ್ತಿನ ಮೇಲೆ ಕಾಕಾ ಗಂಟಲು ಸರಿಮಾಡಿಕೊಂಡು ಎರಡೂ ಎತ್ತಿನ ಹೆಸರು ಹೇಳಿದರು. ನಾನು ಪಡಸಾಲೆಯ ತುದಿಯವರೆಗೆ ಅವಳ ಹಿಂದೆ ಓಡಿ ಕೇಳಿದ್ದು ಇದೇ ಮಾತು, ಏನ್ ಓದಬೇಕ್ರೀ ಇದಕ್ಕ?

ಅವಳು ಮನೋವೈದ್ಯಕೀಯ ಸಮಾಜಕಾರ್ಯಕರ್ತೆ. ಅಂಥ ಹುದ್ದೆ ಇರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಊರಿಗೆ ಬಂದು ಕಾಲೇಜಿನ ಗ್ರಂಥಾಲಯ ಹುಡುಕಿದೆ. ಶಿವರಾಂ ಅವರ 'ಮನಮಂಥನ' ಸಿಕ್ಕಿತು. 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ಆಮೇಲೆ ಡಾ. ಸಿ.ಆರ್. ಚಂದ್ರಶೇಖರ ಅವರ ಸಣ್ಣ ಸಣ್ಣ ಪುಸ್ತಕಗಳು. ಮನಸ್ಸಿನ ಕಾಯಿಲೆಯನ್ನು ಕನ್ನಡದಲ್ಲಿ, ಮನೆಯವರ ಹತ್ತಿರ ಹೇಳುವಂತೆ ಹೇಳಬಹುದೆಂದು ತೋರಿಸಿಕೊಟ್ಟವರು ಅವರು. ಅಲ್ಲಿಂದ ಧಾರವಾಡದ ಎಂ.ಎ.

"ಈಗ ನೀ ಬರ್ಕೋ," ಅಂದೆ. ಅವಳು ಅಂಗೈ ಮೇಲೆ ಬರೆದುಕೊಳ್ಳತೊಡಗಿದಳು. ಪಿಯುಸಿ ಕಲಾ ವಿಭಾಗದಲ್ಲಿ ಮನಃಶಾಸ್ತ್ರ ತೆಗೆದುಕೊಳ್ಳಲು ಬರುತ್ತದೆ. ಎಲ್ಲ ಕಾಲೇಜಿನಲ್ಲಿ ಇರುವುದಿಲ್ಲ, ಕೇಳಿ ನೋಡಬೇಕು. ಆಮೇಲೆ ಬಿ.ಎ., ಅದರ ಮೇಲೆ ಮನಃಶಾಸ್ತ್ರದಲ್ಲಿ ಎಂ.ಎ. ಇಲ್ಲವೇ ಎಂ.ಎಸ್‌.ಡಬ್ಲ್ಯು. ಶಾಲೆಯ ಕೆಲಸವೇ ಬೇಕೆಂದರೆ ಎನ್‌ಸಿಇಆರ್‌ಟಿಯದು ಒಂದು ವರ್ಷದ ಡಿಪ್ಲೊಮಾ ಇದೆ, ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆಯದು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅದರ ಒಂದು ಕೇಂದ್ರ. ಆರು ತಿಂಗಳು ಮನೆಯಲ್ಲಿದ್ದೇ ಓದು, ಮೂರು ತಿಂಗಳು ಅಲ್ಲಿ ಹೋಗಿ ಕಲಿಕೆ, ಕೊನೆಯ ಮೂರು ತಿಂಗಳು ತನ್ನೂರಿನಲ್ಲೇ ಅಭ್ಯಾಸ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ ಇದೆ. ಅವ್ವನ ಗುರುತಿನ ಚೀಟಿ ತಾ, ಅರ್ಜಿ ಇಲ್ಲೇ ತುಂಬೋಣ.

ಅವಳು ಅಂಗೈ ನೋಡಿಕೊಂಡಳು. "ಪಗಾರ ಎಷ್ಟ್ರಿ?"

ಸುಳ್ಳು ಹೇಳಬಾರದು. "ನಂದು ಹನ್ನೊಂದು ತಿಂಗಳ ಆರ್ಡರ್. ವರ್ಷಾ ವರ್ಷಾ ಹೊಸಾದು. ಹ್ವಾದ ವರ್ಷ ನಾಕ ತಿಂಗಳ ಪಗಾರ ಬರಲಿಲ್ಲ." ನನ್ನನ್ನು ಕಳಿಸುವ ಸಂಸ್ಥೆಯ ಹೆಸರು ಇಲ್ಲಿ ಬೇಡ. ಆ ನಾಲ್ಕು ತಿಂಗಳು ಬಸ್ಸಿಗೆ ದುಡ್ಡು ಬೇಕಾಗಲಿಲ್ಲ, ಅದು ಶಕ್ತಿ ಯೋಜನೆಯ ಪುಣ್ಯ. ಬುತ್ತಿ ಮನೆಯದು. ಆದರೆ ಅವ್ವ ದಿನಾಲೂ "ಬಿ.ಎಡ್. ಮಾಡಿ ಮಾಸ್ತರಿಕಿ ಹಿಡಿಬಾರದಾ" ಅನ್ನುತ್ತಿದ್ದಳು, ಮತ್ತು ಅವಳ ಮಾತಿನಲ್ಲಿ ತಪ್ಪಿರಲಿಲ್ಲ.

ಹುಡುಗಿ ಸುಮ್ಮನೆ ಕೂತಳು. ನಾನೂ ಸುಮ್ಮನೆ ಕೂತೆ.

ಮರುದಿನ ಚಿಕ್ಕೋಡಿ. ಬೆಳಗಾವಿ ಕಂದಾಯ ಜಿಲ್ಲೆಯೊಳಗೇ ಚಿಕ್ಕೋಡಿ ಬೇರೆ ಶೈಕ್ಷಣಿಕ ಜಿಲ್ಲೆ. ನಾನು ಓಡಾಡುವ ಐದೂ ತಾಲೂಕು ಇದರೊಳಗೆ ಬರುತ್ತವೆ. ನಿಪ್ಪಾಣಿ, ಕಾಗವಾಡ ತಾಲೂಕಾದದ್ದು ಈಚೆಗೆ, 2018ರಲ್ಲಿ. ಹೆಡ್‌ಮಾಸ್ತರರ ಸಭೆಗೆ ಹತ್ತು ನಿಮಿಷ ಮಾತಾಡಲು ಕರೆದಿದ್ದಾರೆ. ನನ್ನ ಚೀಲದಲ್ಲಿ ಝೆರಾಕ್ಸ್ ಪ್ರತಿಗಳಿವೆ, ನೀವು ಹಂಚಿ. 2025ರ ಜುಲೈ 25ರಂದು ಸುಕದೇಬ್ ಸಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಮಾರ್ಗಸೂಚಿ. ವಿಶಾಖಪಟ್ಟಣದಲ್ಲಿ ನೀಟ್ ತಯಾರಿಗೆ ಇದ್ದ ಹುಡುಗಿಯೊಬ್ಬಳ ಸಾವಿನ ಪ್ರಕರಣ ಅದು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ವಿದ್ಯಾಸಂಸ್ಥೆಯಲ್ಲಿ ತರಬೇತಾದ ಒಬ್ಬ ಕೌನ್ಸೆಲರ್, ಮನಃಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತ ಇರಲೇಬೇಕು ಎಂದಿದೆ. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಏರ್ಪಾಡು ಮಾಡಿಕೊಳ್ಳಬೇಕು.

ಹಿಂದಿನ ಸಾಲಿನಿಂದ ಒಬ್ಬರು ಎದ್ದರು. "ನಮ್ಮಲ್ಲಿ ಮೂರುನೂರು ದಾಟ್ಯಾವ್ರಿ. ಹಂಗಾರ ಒಬ್ರನ್ನ ಕೊಡ್ತಾರಾ?"

ವ್ಯಂಗ್ಯವಾಗಿ ಕೇಳಲಿಲ್ಲ ಅವರು. ಕಳೆದ ವರ್ಷ ಅವರ ಶಾಲೆಯ ಹುಡುಗನೊಬ್ಬ ಮನೆ ಬಿಟ್ಟು ಹೋಗಿ, ಇವರೇ ಮೂರು ರಾತ್ರಿ ಮೋಟಾರ್ ಸೈಕಲ್ ಮೇಲೆ ಕೊಲ್ಲಾಪುರದ ತನಕ ಹುಡುಕಿದ್ದರು. ನನ್ನ ಹತ್ತಿರ ಅವರಿಗೆ ಕೊಡಲು ಉತ್ತರವಿರಲಿಲ್ಲ. ಇದೇ ತಾಲೂಕಿನ ಕೊಥಳಿಯಲ್ಲಿ ಜವಾಹರ ನವೋದಯ ವಿದ್ಯಾಲಯವಿದೆ. ನವೋದಯ ಸಮಿತಿ ತನ್ನ ವಸತಿ ಶಾಲೆಗಳಿಗೆ ಗುತ್ತಿಗೆಯ ಮೇಲಾದರೂ ಕೌನ್ಸೆಲರ್‌ಗಳನ್ನು ತೆಗೆದುಕೊಳ್ಳುತ್ತದೆ. ಊರ ಪ್ರೌಢಶಾಲೆಗೆ ದೈಹಿಕ ಶಿಕ್ಷಕರ ಹುದ್ದೆ ಇದೆ, ಚಿತ್ರಕಲೆಯವರದೂ ಇದೆ, ನಮ್ಮ ಹುದ್ದೆ ಇಲ್ಲ. ಬೇಕಾಗಿರುವುದು ಒಂದು ಮಂಜೂರಾದ ಹುದ್ದೆ, ಪ್ರತಿ ತಿಂಗಳ ಪಗಾರ, ಒಂದು ಬಾಗಿಲಿರುವ ಕೋಣೆ. ನಾನು ಹೋಗುವ ಶಾಲೆಗಳಿಗೆ ವಾರಕ್ಕೊಂದು ದಿನ ಹೋಗುತ್ತೇನೆ. ಮಕ್ಕಳಿಗೆ ಅಳು ಆ ದಿನವೇ ಬರಬೇಕೆಂದಿಲ್ಲ.

ರಾಯಬಾಗದಲ್ಲಿ ಬುಧವಾರ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಒಂದೇ ಕೆಲಸ. ಒಂಬತ್ತನೆಯ ಹುಡುಗಿಯ ದಾಖಲಾತಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ. ಗುಮಾಸ್ತರು ಪ್ರತಿ ಅರ್ಜಿಗೂ ಎಲ್ಲರೆದುರು ಕೂಗಿ ಕೇಳುತ್ತಾರೆ. ಅವಳ ಅಜ್ಜಿಗೆ ಮುತ್ತು ಕಟ್ಟಿದ್ದರು. ದೇವದಾಸಿ ಪದ್ಧತಿಯನ್ನು ನಿಷೇಧಿಸಿದ ಕಾಯ್ದೆ 1982ರದು, ಆ ಕೂಗು ಮಾತ್ರ ಇನ್ನೂ ನಿಂತಿಲ್ಲ. ಗುಮಾಸ್ತರ ಜೊತೆ ಚಹಾ ಕುಡಿದೆ. ಅವರಿಗೂ ಇಬ್ಬರು ಹೆಣ್ಣುಮಕ್ಕಳು. ಚಹಾ ಮುಗಿಯುವುದರೊಳಗೆ, "ಇನ್ ಮ್ಯಾಲ ಅಕೀನ್ನ ಒಬ್ಬಾಕಿನ್ನ ಕರದು ಕೇಳ್ತೇನ್ರಿ ಅಕ್ಕಾರ" ಅಂದರು. ಕೌನ್ಸೆಲಿಂಗ್ ಅಂದರೆ ಮಗುವಿನ ಜೊತೆಗಿನ ಮಾತು ಅಂದುಕೊಂಡಿದ್ದೆ. ಅರ್ಧ ಪಾಲು ದೊಡ್ಡವರ ಜೊತೆಗಿನ ಚಹಾ.

ಗುರುವಾರ. ಕುಡಚಿಯ ಸೇತುವೆ ಮೇಲೆ ಬಸ್ಸು ನಿಧಾನ ಮಾಡಿದೆ. ಕಿಟಕಿಯ ಕಡೆ ಸರಿಯಿರಿ. ಕೆಳಗೆ ಕೃಷ್ಣೆ ಕೆಂಪಗೆ, ದಡದ ಕಬ್ಬು ಸೊಂಟದವರೆಗೆ ನೀರಿನಲ್ಲಿ. ಬಸ್ಸಿನಲ್ಲಿ ಎಲ್ಲರ ಫೋನಿನಲ್ಲೂ ಒಂದೇ ಸುದ್ದಿ. ಕೊಯ್ನಾದಿಂದ ಎಷ್ಟು ಬಿಟ್ಟರು, ಕಲ್ಲೋಳ ಯಡೂರ ಬ್ಯಾರೇಜು ಮುಳುಗಿತೇ.

ಕಾಗವಾಡ ತಾಲೂಕಿನ ನದಿ ದಂಡೆಯ ಶಾಲೆ ಇದು. ನಾನು ಕಾಯುತ್ತಿರುವುದು ಒಬ್ಬ ಒಂಬತ್ತನೆಯ ಹುಡುಗನಿಗಾಗಿ. ಜೂನಿನಿಂದ ಅವನಿಗೆ ಹೊಟ್ಟೆನೋವು. ದಿನಾಲೂ ಅಲ್ಲ, ಆಗಾಗ. ಬಂತೆಂದರೆ ಮುದ್ದೆಯಾಗಿ ಮಲಗುತ್ತಾನೆ. ಅಪ್ಪ ಮಿರಜಿಗೆ ಒಯ್ದು ಸ್ಕ್ಯಾನ್ ಮಾಡಿಸಿದ. ಏನೂ ಇಲ್ಲ ಅಂದರು. "ಸಾಲಿಗಳ್ಳ" ಎಂಬ ಹೆಸರು ಬಿತ್ತು. ಮಾಸ್ತರೊಬ್ಬರು ಹಾಜರಿ ಪುಸ್ತಕ ನನ್ನ ಮುಂದೆ ಇಟ್ಟರು. ಗೈರಾದ ದಿನಗಳನ್ನು ನೋಡಿದೆ, ಏನೂ ಹೊಳೆಯಲಿಲ್ಲ. ಆಮೇಲೆ ಅಡುಗೆಯ ಅಕ್ಕ ಒಲೆ ಊದುತ್ತ ಅಂದಳು, "ಮಳಿ ಹತ್ತಿದ ದಿನಾ ಬರಂಗಿಲ್ಲ ನೋಡ್ರಿ ಅಂವಾ."

2019ರ ಆಗಸ್ಟಿನಲ್ಲಿ ಅವನಿಗೆ ಎಂಟು ವರ್ಷ. ಆ ನೆರೆಯಲ್ಲಿ ಊರೆಲ್ಲ ಎದ್ದು ಹೋಗಿ ಎತ್ತರದ ಜಾಗದ ಈ ಶಾಲೆಯಲ್ಲೇ ಮಲಗಿತ್ತು. ಇವನ ಮನೆಯವರಿಗೆ ಸಿಕ್ಕ ಕೋಣೆ ಈಗ ಒಂಬತ್ತನೇ ತರಗತಿ ನಡೆಯುವ ಕೋಣೆ. ಅದನ್ನು ಹೇಳಲು ಅವನಿಗೆ ನಾಲ್ಕು ಗುರುವಾರ ಬೇಕಾದವು. ಐದನೆಯ ಗುರುವಾರ, ಕರು. ಕಟ್ಟಿದ ಕಣ್ಣಿ ಬಿಚ್ಚಲು ಅವನಿಗೇ ಹೇಳಿದ್ದರಂತೆ. ಗಡಿಬಿಡಿಯಲ್ಲಿ ಅವನು ಮರೆತ. ಆ ಕೋಣೆಯಲ್ಲಿ ಮಲಗಿ ರಾತ್ರಿಯಿಡೀ ಅದರ ಕೂಗು ಕೇಳಿದಂತಾಗುತ್ತಿತ್ತಂತೆ. ಆರು ವರ್ಷ ಯಾರಿಗೂ ಹೇಳಿರಲಿಲ್ಲ. ಇದನ್ನು ಬರೆಯಲು ಅವನನ್ನೂ ಅವನ ಅಪ್ಪನನ್ನೂ ಕೇಳಿದ್ದೇನೆ. ಬರೀರಿ ಅಂದಿದ್ದಾರೆ.

ಹೊಟ್ಟೆನೋವು ಸುಳ್ಳಲ್ಲ, ಅದನ್ನು ಮೊದಲು ಅವನಿಗೆ, ಆಮೇಲೆ ಮಾಸ್ತರರಿಗೆ ಹೇಳಿದೆ. ಅಂಜಿಕೆ ಹೊಟ್ಟೆಯಲ್ಲಿ ನಿಜವಾಗಿಯೇ ನೋಯುತ್ತದೆ. ಕೋಣೆ ಬದಲಿಸುವುದು ಸುಲಭವಿತ್ತು, ಮಾಡಲಿಲ್ಲ. ಅವನು ಬಾಗಿಲ ಹತ್ತಿರದ ಬೆಂಚು ಆರಿಸಿಕೊಂಡ. ದಿನಾ ಮುಂಜಾನೆ ಅಪ್ಪನ ಜೊತೆ ಹೋಗಿ ಸೇತುವೆ ಕಂಬದ ಮೇಲಿನ ನೀರಿನ ಗುರುತು ನೋಡಿ ವಹಿಯಲ್ಲಿ ಬರೆಯಬೇಕು, ಇದು ಅವನಿಗೆ ಕೊಟ್ಟ ಕೆಲಸ. ಮೊದಲ ವಾರ ದೂರ ನಿಂತು ನೋಡಿದ. ನಿದ್ದೆಯಿಲ್ಲದ ರಾತ್ರಿಗೆಂದು ಅಪ್ಪನ ಫೋನಿನಲ್ಲಿ 14416 ಬರೆದುಕೊಟ್ಟಿದ್ದೇನೆ, ಟೆಲಿ ಮಾನಸ್‌ನದು. 2022ರಿಂದ ಹಗಲು ರಾತ್ರಿ ನಡೆಯುತ್ತಿದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಇವತ್ತು ಮಳೆ ಇದೆ. ನೋಡಿ, ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬಂದ. ನನ್ನ ಕಡೆ ನೋಡದೆ ಒಳಗೆ ಹೋಗುತ್ತ, "ಎರಡ ಇಂಚ ಇಳದೈತ್ರಿ" ಅಂದ.

ಶುಕ್ರವಾರ ಅಥಣಿಯಲ್ಲಿ ಶಾಲೆಗಲ್ಲ, ಮನೆಗೆ. ಹದ ಮಾಡಿದ ತೊಗಲಿನ ವಾಸನೆ ಓಣಿಯ ಬಾಯಿಗೇ ಬರುತ್ತದೆ. ಕೊಲ್ಲಾಪುರಿ ಎಂದು ಜಗತ್ತು ಕೊಳ್ಳುವ ಕಾಲ್ಮರಿಯನ್ನು ಇಲ್ಲಿಯೂ ತಲೆಮಾರುಗಳಿಂದ ಹೊಲಿಯುತ್ತಾರೆ. 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕದಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿದೆ. ಹುಡುಗ ಹತ್ತನೆಯ ಗಣಿತದಲ್ಲಿ ನಪಾಸಾಗಿದ್ದಾನೆ. ವರ್ಷಕ್ಕೆ ಮೂರು ಪರೀಕ್ಷೆ 2024ರಲ್ಲಿ ಶುರುವಾಗಿದ್ದವು, ಉಳಿದ ಎರಡಕ್ಕೂ ಅವನು ಕೂಡಲಿಲ್ಲ. ಅಪ್ಪ ಅಡಿ ಕೊಯ್ಯುತ್ತಿದ್ದಾನೆ, ಅವ್ವ ಪಟ್ಟಿ ಹೆಣೆಯುತ್ತಿದ್ದಾಳೆ, ಹುಡುಗ ಮೂಲೆಯಲ್ಲಿ.

ಅಪ್ಪನೇ ಶುರು ಮಾಡಿದ. "ಅಂವಗ ತಲಿ ಐತ್ರಿ ಅಕ್ಕಾರ. ಕೂಡಂಗಿಲ್ಲ ಅಂತಾನ. ಯಾಕಂದ್ರ ಹೇಳಂಗಿಲ್ಲ."

ನಾನು ಹೆಣೆಯುವ ಕೈ ನೋಡುತ್ತ ಕೂತೆ. ಚಹಾ ಬಂತು, ಆರಿತು. ಹುಡುಗ ಅಂದ: "ಕ್ಯಾಮೆರಾ ನನ್ನೊಬ್ಬನ್ನ ನೋಡಾಕತ್ತಿತ್ರಿ."

ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಕಟ್ಟಿ ವೆಬ್‌ಕಾಸ್ಟಿಂಗ್ ಶುರುವಾದದ್ದೂ 2024ರಲ್ಲೇ. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಆ ವರ್ಷ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಸೇರಿಸಿ. ನಕಲು ನಿಂತದ್ದು ಒಳ್ಳೆಯದೇ. ಆದರೆ ನಕಲು ಮಾಡದ ಈ ಹುಡುಗನ ಕೈ ಆ ಗಾಜಿನ ಕಣ್ಣಿನ ಕೆಳಗೆ ಮರಗಟ್ಟಿದ್ದನ್ನು ಯಾವ ಅಂಕಪಟ್ಟಿಯೂ ಹೇಳುವುದಿಲ್ಲ. ಮುಂದಿನ ಶುಕ್ರವಾರದಿಂದ ಅವನು ನನ್ನ ಫೋನಿನ ಕ್ಯಾಮೆರಾ ಮುಂದೆ ಲೆಕ್ಕ ಬಿಡಿಸುತ್ತಾನೆ. ಮೊದಲು ಎರಡು ನಿಮಿಷ, ಆಮೇಲೆ ಐದು. ಅಪ್ಪ ತೊಗಲು ಚುಚ್ಚುವ ಆರ್ ತೆಗೆದಿಟ್ಟು ಕೇಳಿದ, "ಇಷ್ಟ ಇತ್ತೇನ್ರಿ?" ಇಷ್ಟೇ ಅಲ್ಲ ಎಂದು ಅವನಿಗೂ ಗೊತ್ತಿದ್ದಂತಿತ್ತು. ಆರನ್ನು ಬಹಳ ಹೊತ್ತು ಮತ್ತೆ ಎತ್ತಿಕೊಳ್ಳಲಿಲ್ಲ.

ಮತ್ತೆ ಸೋಮವಾರ, ನಿಪ್ಪಾಣಿ. ನೀವು ಈ ಸಲ ಸೀನಲಿಲ್ಲ.

ಡಬ್ಬಿಯಲ್ಲಿ ಹಸಿರು ಶಾಯಿ: "ಎರಡ ಕಾಲೇಜಿಗೆ ಹೋಗಿ ಕೇಳಿ ಬಂದ್ನಿ. ಒಂದರಾಗ ಮನಃಶಾಸ್ತ್ರ ಇಲ್ಲಂತ. ಇನ್ನೊಂದರಾಗ ಐತಿ, ಆದ್ರ ಯಾರೂ ತಗೋಳಂಗಿಲ್ಲ, ನಿನಗ್ಯಾಕ ಬೇಕು ಅಂದ್ರು. ನನಗ ಬೇಕ್ರಿ ಅಂದ್ನಿ. ಅವ್ವನ ಕಾರ್ಡ್ ತಂದೇನಿ."

ಅದರ ಕೆಳಗೆ ನಾಲ್ಕು ಮಡಿಕೆಯ ಚೀಟಿ. ಬಿಚ್ಚಿದೆ. ಈ ಸಲ ಖಾಲಿ ಇಲ್ಲ. ಪೆನ್ಸಿಲ್ಲಿನಲ್ಲಿ ಒಂದೇ ಮಾತು: "ಬರಲ್ಯಾ?"

ಬಾಗಿಲ ಹತ್ತಿರ ಯಾರೋ ಬಂದು ನಿಂತಿದ್ದಾರೆ, ತಟ್ಟುತ್ತಿಲ್ಲ. ನೀವು ಸ್ವಲ್ಪ ಹೊರಗೆ ನಿಲ್ಲಿ. ಈ ಕಡೆಯಿಂದಲ್ಲ, ಅಡುಗೆ ಮನೆಯ ಬಾಗಿಲಿನಿಂದ ಹೋಗಿ.